ಗಾಳಿಗೆ ವಾಲಿದ ಸಸಿ: ಕೋಲು ಕಟ್ಟುವ ಮುನ್ನ

ಉಡುಪಿ: ಜೂನ್ 5ರ ಪರಿಸರ ದಿನಾಚರಣೆ, ಜುಲೈ ಆರಂಭದ ವನಮಹೋತ್ಸವ - ಸಸಿ ನೆಡುವ ಈ ಎರಡೂ ಸಂದರ್ಭಗಳು ಕರಾವಳಿಯಲ್ಲಿ ನೈಋತ್ಯ ಮುಂಗಾರಿನ ಅಬ್ಬರದ ದಿನಗಳಲ್ಲೇ ಬರುತ್ತವೆ. ಮಣ್ಣು ನೆನೆದಿರುವುದರಿಂದ ನೆಡಲು ಕಾಲವೇನೋ ಸೂಕ್ತ. ಆದರೆ ಬೇರೂರುವ ಮೊದಲೇ ಪಡುವಣ ಗಾಳಿಗೆ ಸಿಲುಕಿದ ಎಳೆಯ ಸಸಿ ಆಗಸ್ಟ್ ಹೊತ್ತಿಗೆ ಪೂರ್ವಕ್ಕೆ ವಾಲಿರುತ್ತದೆ. ಅದನ್ನು ಕಂಡವರು ಕೈಗೆ ಸಿಕ್ಕ ಕೋಲನ್ನು ಊರಿ, ಪ್ಲಾಸ್ಟಿಕ್ ಹಗ್ಗದಿಂದ ಬುಡದಿಂದ ತುದಿಯವರೆಗೂ ಬಿಗಿದುಬಿಡುತ್ತಾರೆ. ಎಷ್ಟೋ ಸಸಿಗಳು ಕೆಡುವುದು ಗಾಳಿಗಿಂತ ಹೆಚ್ಚಾಗಿ ಈ ಉಪಚಾರದಿಂದ.

ಅಲುಗಾಡುವ ಕಾಂಡ ಬುಡದಲ್ಲಿ ದಪ್ಪವಾಗುತ್ತದೆ, ಎತ್ತರಕ್ಕೆ ಹೋಗುವ ಆತುರ ತಗ್ಗುತ್ತದೆ, ಬೇರು ಬಲಗೊಳ್ಳುತ್ತದೆ. ಅಮೆರಿಕದ ಸಸ್ಯವಿಜ್ಞಾನಿ ಮಾರ್ಕ್ ಜಾಫೆ 1973ರಲ್ಲಿ ಈ ಸ್ಪಂದನೆಗೆ ಥಿಗ್ಮೋಮಾರ್ಫೋಜೆನೆಸಿಸ್ ಎಂದು ಹೆಸರಿಟ್ಟರು. ಹೆಸರು ನಾಲಗೆಗೆ ತೊಡಕಾದರೂ ಸಂಗತಿ ಸರಳ: ಸ್ಪರ್ಶಕ್ಕೂ ಅಲುಗಾಟಕ್ಕೂ ತಕ್ಕಂತೆ ಗಿಡ ತನ್ನ ರೂಪವನ್ನು ಮಾರ್ಪಡಿಸಿಕೊಳ್ಳುತ್ತದೆ. ತುದಿಯವರೆಗೆ ಕಟ್ಟಿಸಿಕೊಂಡ ಸಸಿಗೆ ಈ ಅಭ್ಯಾಸವೇ ದೊರೆಯದು. ಕಾಂಡ ಸಪೂರವಾಗಿ ಉಳಿಯುತ್ತದೆ, ನೆತ್ತಿಯ ಭಾರ ಮಾತ್ರ ಹೆಚ್ಚುತ್ತದೆ. ಕಟ್ಟು ಬಿಚ್ಚಿದ ದಿನ ಸಸಿ ಬಾಗುತ್ತದೆ. ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ ಎಂಬುದನ್ನೂ ಗಮನಿಸಬೇಕು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯ ಪಕ್ಕದಲ್ಲೇ ಹಾದುಹೋದಾಗ ಬೆಳೆದ ಮರಗಳೇ ಉರುಳಿದ್ದವು.

ಒಂದೇ ಜಿಲ್ಲೆಯಾದರೂ ನೆಲ ಒಂದೇ ಬಗೆಯದಲ್ಲ. ಕಾಪುವಿನ ಕಡಲಂಚಿನ ಮರಳಿನಲ್ಲಿ ಗಿಡ್ಡ ಗೂಟ ನಿಲ್ಲುವುದಿಲ್ಲ, ಆಳವಾಗಿ ಊರಬೇಕು. ಉಪ್ಪುಗಾಳಿಗೆ ಚಿಗುರು ಕರಟುವುದರಿಂದ ಅಲ್ಲಿ ಸುರಹೊನ್ನೆಯಂಥ ಕಡಲ ತೀರದ ಮರಗಳೇ ಮೇಲು. ಮಣಿಪಾಲದ ಮುರಕಲ್ಲಿನ ದಿಬ್ಬದಲ್ಲಿ ಗಾಳಿಗೆ ತಡೆ ಕಡಿಮೆ, ಕಲ್ಲಿಗೆ ಗೂಟ ಇಳಿಯದು. ಆದುದರಿಂದ ಹೊಂಡ ತೋಡಿದಾಗಲೇ ಕೋಲನ್ನು ನಿಲ್ಲಿಸಿ, ಅನಂತರ ಸಸಿ ಇಟ್ಟು ಮಣ್ಣು ತುಂಬುವುದು ಲೇಸು, ಬೇರಿಗೂ ಗಾಯವಾಗದು. ಘಟ್ಟದ ಬುಡದ ಕಾರ್ಕಳದಲ್ಲಿ ಉಪ್ಪಿನ ಕಾಟವಿಲ್ಲ. ಅಲ್ಲಿ ಸಸಿ ವಾಲುವುದು ಬಹುಮಟ್ಟಿಗೆ ಮಳೆನೀರು ನಿಂತು ಸಡಿಲಗೊಂಡ ಮಣ್ಣಿನಿಂದ, ಅದಕ್ಕೆ ಕೋಲಿಗಿಂತ ನೀರು ಹರಿದುಹೋಗುವ ಕಣಿಯೇ ಪರಿಹಾರ.

ತನ್ನಷ್ಟಕ್ಕೆ ನೆಟ್ಟಗೆ ನಿಲ್ಲುವ ಸಸಿಗೆ ಕೋಲು ಬೇಡ. ಬೇಕೇ ಆದಲ್ಲಿ ಸಸಿಯ ಉತ್ತರಕ್ಕೂ ದಕ್ಷಿಣಕ್ಕೂ ಒಂದೊಂದು ಕೋಲು ನೆಟ್ಟರೆ ಪಶ್ಚಿಮದ ಗಾಳಿಗೆ ಸಸಿ ಕೋಲಿಗೆ ತಿಕ್ಕುವುದಿಲ್ಲ. ಒಂದೇ ಕೋಲಾದರೆ ಅದು ಪಶ್ಚಿಮಕ್ಕಿರಲಿ. ಸೀಳಿದ ಅಡಿಕೆ ಮರ ಇದಕ್ಕೆ ಸಾಕು. ಕಟ್ಟು ಸಸಿಯ ಎತ್ತರದ ಮೂರನೇ ಒಂದು ಭಾಗದಷ್ಟು ಕೆಳಗಿರಬೇಕು, ಕಾಂಡಕ್ಕೂ ಕೋಲಿಗೂ ನಡುವೆ ಹಗ್ಗವನ್ನು ಕನ್ನಡದ ೪ರ ಆಕಾರದಲ್ಲಿ ಅಡ್ಡಹಾಯಿಸಿ ಸಡಿಲವಾಗಿ ಬಿಡಬೇಕು. ಹಳೆಯ ಸೈಕಲ್ ಟ್ಯೂಬು, ಬಟ್ಟೆಯ ಪಟ್ಟಿ ಅಥವಾ ತೆಂಗಿನ ನಾರಿನ ಹಗ್ಗ ಒಳ್ಳೆಯದು. ನಾರಿನ ಹಗ್ಗ ಮರೆತರೂ ಕಾಲಕ್ರಮದಲ್ಲಿ ಕೊಳೆತುಹೋಗುತ್ತದೆ. ತಂತಿ, ನೈಲಾನ್ ಹಾಗಲ್ಲ. ಕಾಂಡ ದಪ್ಪಗಾದಂತೆ ತೊಗಟೆಯೊಳಗೆ ಇಳಿದು, ಎಲೆಯಿಂದ ಬೇರಿಗೆ ಸಾಗುವ ಆಹಾರದ ದಾರಿಯನ್ನೇ ಕಡಿಯುತ್ತವೆ. ಕಸಿ ಮಾವಿನ ಸಸಿಯಾದರೆ ಕಸಿ ಕೂಡಿದ ಗಂಟಿನ ಮೇಲೆ ಹಗ್ಗ ಬೀಳದಂತೆ ನೋಡಿಕೊಳ್ಳಬೇಕು.

ಈಗಾಗಲೇ ವಾಲಿದ ಸಸಿಯನ್ನು ಮಳೆ ಬಿಡುವು ಕೊಟ್ಟಾಗ, ಮಣ್ಣು ಹಸಿಯಿರುವಾಗಲೇ ಎತ್ತಬೇಕು. ಬುಡದ ಪಶ್ಚಿಮದ ಮಣ್ಣನ್ನು ಕೈಯಿಂದ ಸಡಿಲಿಸಿ, ಸಸಿಯನ್ನು ಒಂದೇ ದಿನ ಜಗ್ಗದೆ ಹಗ್ಗವನ್ನು ದಿನಕ್ಕಿಷ್ಟರಂತೆ ಎಳೆದು ನೇರ ಮಾಡಬೇಕು. ಕೆಸರನ್ನು ತುಳಿದು ಗಟ್ಟಿ ಮಾಡಿದರೆ ಬೇರಿಗೆ ಉಸಿರಾಡಲು ಗಾಳಿ ಸಿಗದು. ತುದಿ ಮಾತ್ರ ಬಾಗಿದ್ದರೆ ಏನೂ ಮಾಡಬೇಕಿಲ್ಲ, ಹೊಸ ಚಿಗುರು ತಾನಾಗಿಯೇ ಮೇಲ್ಮುಖವಾಗುತ್ತದೆ. ಬೇರೆದ್ದು ನೆಲ ಬಿರಿದಿರುವ ದೊಡ್ಡ ಮರವನ್ನು ಮಾತ್ರ ಎಳೆಯುವ ಸಾಹಸ ಬೇಡ. ಅದು ಮನೆಯ ಅಥವಾ ರಸ್ತೆಯ ಕಡೆ ವಾಲಿದ್ದರೆ ಬಲ್ಲವರನ್ನು ಕರೆಸಬೇಕು.

ಮಳೆಗಾಲ ಮುಗಿದ ಮೇಲೆ, ನವೆಂಬರಿನಲ್ಲಿ, ಕಟ್ಟನ್ನೊಮ್ಮೆ ಬಿಚ್ಚಿ ಸಸಿ ತಾನೇ ನಿಲ್ಲುವುದೇ ಎಂದು ಪರೀಕ್ಷಿಸಬಹುದು. ನಿಂತರೆ ಕೋಲನ್ನು ಅಂದೇ ಕಿತ್ತುಬಿಡಬೇಕು. ಇಲ್ಲವಾದರೆ ಇನ್ನೊಂದು ಮಳೆಗಾಲದ ಮಟ್ಟಿಗೆ, ಮೊದಲಿಗಿಂತ ತುಸು ಕೆಳಗೆ, ಹೊಸದಾಗಿ ಕಟ್ಟಬೇಕು.