ಬೂದಿಯಾಗುವ ಮುಂಚೆ

ಕಬ್ಬು ಕಡಿದು ಮುಗಿದ ಮೇಲೆ ಅಂಕಲಗಿ ಸುತ್ತಲಿನ ಹೊಲಗಳಲ್ಲಿ ಸಂಜೆಗೆ ರವದಿಗೆ, ಅಂದರೆ ಕಬ್ಬಿನ ಒಣ ಸೋಗೆಗೆ, ಬೆಂಕಿ ಬೀಳುತ್ತದೆ. ಚಟಚಟ ಸದ್ದು, ಕಣ್ಣುರಿ, ಗೋಕಾಕ ರಸ್ತೆಗೆ ಅಡ್ಡಲಾಗಿ ಹೊಗೆ. ಬೆಳಗಾದರೆ ಮುಷ್ಟಿಯಲ್ಲಿ ನಿಲ್ಲದ ಬೂದಿ. ಗಾಳಿ ಬೀಸಿದರೆ ಅದೂ ಇಲ್ಲ.

ಬದುವಿನ ಮೇಲೆ ಕಳೆನಾಶಕದ ಖಾಲಿ ಬಾಟಲಿಗಳು. "ಕಸಕ್ಕ ಎಣ್ಣಿ ಹೊಡಿಲಿಲ್ಲಂದ್ರ ಆಳು ಎಲ್ಲಿಂದ ತರೂದ್ರಿ ಕಾಕಾ?" ಎಂದು ಕೇಳುವ ಹುಡುಗನಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ಕಬ್ಬಿಗೂ ಗೊಂಜಾಳಕ್ಕೂ ಹೊಡೆಯುವ ಅಟ್ರಾಜಿನ್ ಕಸ ಸತ್ತ ಮೇಲೂ ತಿಂಗಳುಗಟ್ಟಲೆ ಮಣ್ಣಿನಲ್ಲಿ ಉಳಿಯಬಲ್ಲದು. ದೊಡ್ಡ ಮಳೆಗೆ ಹಳ್ಳಕ್ಕೆ, ಅಲ್ಲಿಂದ ನದಿಗೆ ಇಳಿಯುತ್ತದೆ. ಈ ಸೀಮೆಯ ಮಾರ್ಕಂಡೇಯ ನದಿ ಗೊಡಚಿನಮಲ್ಕಿಯಲ್ಲಿ ಧುಮುಕಿ ಘಟಪ್ರಭೆಗೆ ಸೇರುತ್ತದೆ. ಕುಡಿಯುವವರು ಕೆಳಗೂ ಇದ್ದಾರೆ.

ಈ ವಿಷವನ್ನು ಹೊಲದಲ್ಲೇ ಹಿಡಿದಿಡಲು ಒಂದು ದಾರಿಯಿದೆ. ಗೊಂಜಾಳದ ಬೆಂಡನ್ನು ಕುಣಿಗೆ ಹಾಕಿ, ಮೇಲಿನಿಂದ ಬೆಂಕಿ ಕೊಟ್ಟು, ಪದರ ಪದರವಾಗಿ ತುಂಬುತ್ತ ಹೋಗಿ, ಬಿಳಿ ಬೂದಿ ಏಳುವ ಮುಂಚೆ ನೀರು ಸುರಿದರೆ ಸಿಗುವುದೇ ಬಯೋಚಾರ್. ನಮ್ಮ ಇದ್ದಿಲೇ. ಒಂದು ತುಂಡು ಕೈಗೆತ್ತಿಕೊಳ್ಳಿ. ಹೂವಿನಷ್ಟು ಹಗುರ, ಮುರಿದರೆ ಟಣ್ ಎನ್ನುತ್ತದೆ. ಬೆಂಡಿನ ಜೀವಕೋಶಗಳಿದ್ದ ಜಾಗವೆಲ್ಲ ಈಗ ಸಣ್ಣ ಸಣ್ಣ ತೂತು. ಚೆನ್ನಾಗಿ ಸುಟ್ಟ ಒಂದು ಗ್ರಾಮ್ ಇದ್ದಿಲಿನ ಒಳಮೈಯನ್ನೆಲ್ಲ ಹರಡಿದರೆ ನೂರಾರು ಚದರ ಮೀಟರ್ ಆದೀತು. ಮಣ್ಣಿನಲ್ಲಿ ಓಡಾಡುವ ವಿಷ ಆ ಗೋಡೆಗಳಿಗೆ ಅಂಟಿಕೊಳ್ಳುತ್ತದೆ. ಬೇರಿಗೂ ಹಳ್ಳಕ್ಕೂ ಹೋಗುವುದು ಕಡಿಮೆಯಾಗುತ್ತದೆ.

ಅಂಟಿದ ಮಾತ್ರಕ್ಕೆ ಹೋಯಿತೆಂದಲ್ಲ. ಅದನ್ನು ಒಡೆಯುವ ಕೆಲಸ ಸೂಕ್ಷ್ಮಾಣುಗಳದ್ದು. ಸುಡೋಮೊನಾಸ್ ಕುಲದ ಒಂದು ಬ್ಯಾಕ್ಟೀರಿಯ ಅಟ್ರಾಜಿನ್‌ನಿಂದ ಮೊದಲು ಕ್ಲೋರಿನ್ ಕಳಚುತ್ತದೆ, ಆಮೇಲೆ ಹಂತ ಹಂತವಾಗಿ ಒಡೆದು ಅದರ ಸಾರಜನಕವನ್ನೇ ಉಣ್ಣುತ್ತದೆ. ಇಂಥ ಜೀವಿಗಳಿಗೆ ಇದ್ದಿಲಿನ ತೂತು ಮನೆ. ಬೆಳೆಯ ಬೇರು ಒಸರುವ ಸಕ್ಕರೆ, ಆಮ್ಲಗಳೇ ಬುತ್ತಿ. ಬೆಳೆಯಿಲ್ಲದ ಬರಡು ಮಣ್ಣಿನಲ್ಲಿ ಈ ಸಂಸಾರ ಸೊರಗುತ್ತದೆ.

ಆದರೆ ಇದ್ದಿಲನ್ನು ಹಾಗೇ ಚೆಲ್ಲಬಾರದು, ಬೆಳೆಯ ಸಾರವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ತಿಪ್ಪೆಗೊಬ್ಬರ, ಸಗಣಿ ರಾಡಿಯಲ್ಲಿ ಕೆಲವು ವಾರ ನೆನೆಸಿ ಹಾಕಬೇಕು. ಅತಿಯಾಗಿ ಸುರಿದರೆ ವಿಷವನ್ನು ಸೂಕ್ಷ್ಮಾಣುವಿಗೂ ಸಿಗದಷ್ಟು ಬಿಗಿ ಹಿಡಿಯುತ್ತದೆ.

ಅರಭಾವಿಯಲ್ಲಿ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಕಾಲೇಜಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಮಣ್ಣು ಒಯ್ದು ಕೇಳಿ. ರವದಿಯನ್ನು ಹೊಲದಲ್ಲೇ ಮುಚ್ಚಿಗೆಯಾಗಿ ಬಿಡಿ. ಬೆಂಡನ್ನು ಇದ್ದಿಲು ಮಾಡಿ, ಮೊದಲು ಒಂದೇ ಗುಂಟೆಯಲ್ಲಿ ಹಾಕಿ ನೋಡಿ. ಕಡ್ಡಿ ಗೀರುವ ಮುಂಚೆ ಕುಣಿಯ ಪಕ್ಕ ನಾಲ್ಕು ಕೊಡ ನೀರು ತುಂಬಿಡಿ.