ಅವ್ವನ ಜೋಳ ಮತ್ತು ಮೂರು ಮಿಲಿಮೀಟರಿನ ಹುಳ

ಹಿಂಗಾರಿ ರಾಶಿ ಮುಗಿದ ಮೇಲೆ ಪ್ರತಿ ವರ್ಷ ನಮ್ಮ ಹಿಂಜವಾಡಿಯ ಫ್ಲ್ಯಾಟಿಗೆ ಇಂಡಿ ತಾಲ್ಲೂಕಿನ ಊರಿಂದ ಒಂದು ಚೀಲ ಮಾಲ್ದಂಡಿ ಜೋಳ ಬರುತ್ತದೆ. ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಅವ್ವ ಹಾಕಿಸಿ ಕಳಿಸುತ್ತಾಳೆ. ಬೆಳಗಿನ ಜಾವ ವಾಕಡದಲ್ಲಿ ನಾನು ಇಳಿಸಿಕೊಳ್ಳುತ್ತೇನೆ. ಪುಣೆಯಲ್ಲಿ ಜೋಳ ಸಿಗುವುದಿಲ್ಲವೆಂದಲ್ಲ, ಇಲ್ಲಿನವರೂ ನಮ್ಮಂತೆ ಭಾಕರಿ ತಿನ್ನುವವರೇ. ಆದರೆ ಇದು ನಮ್ಮ ಹೊಲದ್ದು. ಅವ್ವನಿಗೆ ಅದನ್ನು ಕಳಿಸುವುದೇ ಒಂದು ಹಬ್ಬ.

ಕಳೆದ ಜುಲೈನಲ್ಲಿ ಈ ಹಬ್ಬಕ್ಕೆ ಕುತ್ತು ಬಂತು. ಒಂದು ವಾರದಿಂದ ಸುರಿಯುತ್ತಿದ್ದ ಮಳೆಯ ನಡುವೆ ಅಡುಗೆಮನೆಯ ಕಪಾಟಿನಲ್ಲಿ, ಡಬ್ಬಿಗಳ ಮುಚ್ಚಳದ ಸಂದಿನಲ್ಲಿ, ಕೊನೆಗೆ ಮಗಳ ಟಿಫಿನ್ ಡಬ್ಬಿಯ ಮೇಲೂ ಕಂದು ಬಣ್ಣದ ಸಣ್ಣ ಹುಳಗಳು ಓಡಾಡತೊಡಗಿದವು. ನನ್ನ ಹೆಂಡತಿ ಮೈಸೂರಿನವಳು. ಜೋಳದ ಚೀಲ ಬಿಚ್ಚಿ ನೋಡಿದಳು. ಅಲ್ಲೂ ಹುಳ! 'ಎಲ್ಲಾ ಇಲ್ಲಿಂದಲೇ ಬಂದಿರೋದು. ಮುಂದಿನ ವರ್ಷದಿಂದ ಬೇಡ ಅಂತ ಅತ್ತೆಗೆ ಹೇಳಿಬಿಡಿ' ಅಂದಳು. ಆ ಹೊತ್ತಿಗೆ ನಾನು ಅವ್ವನ ಜೊತೆ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದೆ. ಆ ಕಡೆ ಒಂದು ಗಳಿಗೆ ಮೌನ. ಆಮೇಲೆ ಅವ್ವ, 'ಆತು ತೊಗೊ, ಇನ್ನ ಮ್ಯಾಲ ಕಳಸೂದಿಲ್ಲ' ಎಂದು ಫೋನ್ ಇಟ್ಟಳು.

ಅದೇ ಸಂಜೆ ಊರಿಂದ ಕಾಕಾ ಫೋನ್ ಮಾಡಿದ. 'ಬಸ್ಸಿನಾಗ ನಾಕ ಗುಳಿಗಿ ಕಳಸ್ತೀನಿ. ಚೀಲದಾಗ ಇಟ್ಟು ಬಾಯಿ ಕಟ್ಟಿಬಿಡು, ಒಂದ ನುಸಿನೂ ಉಳ್ಯಂಗಿಲ್ಲ.' ಅವನು ಹೇಳಿದ್ದು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ. ಗಾಳಿಯ ತೇವ ತಾಗಿದರೆ ಸಾಕು, ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಗೋದಾಮಿನಲ್ಲಿ ತರಬೇತಾದವರು ಹೊದಿಕೆ ಮುಚ್ಚಿ ಬಳಸುವ ವಿಷ ಅದು. ಮಲಗುವ ಕೋಣೆಗೆ ಅಂಟಿಕೊಂಡ ಅಡುಗೆಮನೆಯಲ್ಲಿ ಇಟ್ಟರೆ ಹುಳಕ್ಕಿಂತ ಮೊದಲು ಮನುಷ್ಯರ ಜೀವಕ್ಕೇ ಅಪಾಯ. ನಮ್ಮ ಮಗಳಿಗೆ ನಾಲ್ಕು ವರ್ಷ. 'ಕಾಕಾ, ಗುಳಿಗಿ ಮಾತ್ರ ಬ್ಯಾಡ' ಎಂದೆ. ಆದರೆ ಗುಳಿಗೆ ಬೇಡವೆಂದರೆ ಬೇರೆ ದಾರಿ ಬೇಕಲ್ಲ. ಎಂ.ಟೆಕ್‌ನಲ್ಲಿ ನನ್ನ ಪ್ರಾಜೆಕ್ಟ್ ಇದ್ದದ್ದೇ ಚಿತ್ರ ನೋಡಿ ವರ್ಗೀಕರಿಸುವ ಪ್ರೋಗ್ರಾಮ್ ಬಗ್ಗೆ. ಮೊದಲು ಈ ಹುಳ ಯಾವುದೆಂದು ತಿಳಿಯೋಣ, ಉಪಾಯ ಆಮೇಲೆ ನೋಡೋಣ ಎಂದುಕೊಂಡೆ.

ಎರಡು ಬಟ್ಟಲು

ಶನಿವಾರ ಎರಡು ಬಿಳಿ ಬಟ್ಟಲು ಇಟ್ಟುಕೊಂಡು ಕೂತೆ. ಒಂದರಲ್ಲಿ ಚೀಲದ ಹುಳ, ಇನ್ನೊಂದರಲ್ಲಿ ಕಪಾಟಿನ ಹುಳ. ಎರಡನ್ನೂ ಸ್ವಲ್ಪ ಹೊತ್ತು ಫ್ರೀಜರಿನಲ್ಲಿಟ್ಟಿದ್ದೆ, ಓಡದಿರಲಿ ಎಂದು. ಬರಿಗಣ್ಣಿಗೆ ಎರಡೂ ಒಂದೇ: ಮೂರು ಮಿಲಿಮೀಟರ್ ಉದ್ದ, ಕಂದು ಬಣ್ಣ. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಮ್ಯಾಕ್ರೋ ಲೆನ್ಸ್ ಹಾಕಿ ನೋಡಿದಾಗ ನನಗೆ ನಗು ಬಂತು. ಚೀಲದ ಹುಳಕ್ಕೆ ಆನೆಯಂತೆ ಸೊಂಡಿಲು! ರೆಕ್ಕೆಯ ಚಿಪ್ಪಿನ ಮೇಲೆ ನಾಲ್ಕು ತಿಳಿ ಕಿತ್ತಳೆ ಚುಕ್ಕೆ. ಕಪಾಟಿನ ಹುಳಕ್ಕೆ ಸೊಂಡಿಲೂ ಇಲ್ಲ, ಚುಕ್ಕೆಯೂ ಇಲ್ಲ. ಚಪ್ಪಟೆ ಮೈ, ಕೆಂಗಂದು ಬಣ್ಣ, ಮೀಸೆಯ ತುದಿಯಲ್ಲಿ ಪುಟ್ಟ ಗದೆ.

ಕೀಟ ಗುರುತಿಸುವವರು ಬಳಸುವ 'ಕೀ' ಎಂಬುದು ನಮ್ಮ ಇಫ್-ಎಲ್ಸ್ ಬಿಟ್ಟು ಬೇರೆಯಲ್ಲ. ಸೊಂಡಿಲು ಇದೆಯೇ? ಇದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಹೀಗೆ ಎರಡೆರಡಾಗಿ ಕವಲೊಡೆಯುವ ಕ್ರಮವನ್ನು ಫ್ರಾನ್ಸಿನ ಲಾಮಾರ್ಕ್ 1778ರಲ್ಲೇ ಗಿಡಗಳಿಗೆ ಬಳಸಿದ್ದ. ವಿಜ್ಞಾನಿಗಳು ಹೆಸರಿಟ್ಟಿರುವ ದುಂಬಿ-ಜೀರುಂಡೆಗಳ ಪ್ರಭೇದಗಳೇ ಸುಮಾರು 4 ಲಕ್ಷ. ಇಂಥ ಕವಲುದಾರಿ ಇಲ್ಲದಿದ್ದರೆ ಒಂದನ್ನು ಹುಡುಕುವುದರಲ್ಲೇ ಆಯುಷ್ಯ ಮುಗಿದೀತು.

ಸೊಂಡಿಲಿನದು ಸಿಟೋಫೈಲಸ್ ಕುಲ. ಕೃಷಿ ಪುಸ್ತಕಗಳಲ್ಲಿ ಇದೇ ಅಕ್ಕಿಯ ಮೂತಿಹುಳು. ನಮ್ಮ ಮನೆಗೆಲಸಕ್ಕೆ ಬರುವ ಮಾವಶಿಗೆ ತೋರಿಸಿದರೆ ಲೆನ್ಸ್ ಇಲ್ಲದೆಯೇ 'ಸೋಂಡಕಿಡಾ' ಎಂದುಬಿಟ್ಟರು. ಕನ್ನಡದ ಸೊಂಡಿಲೇ ಮರಾಠಿಯಲ್ಲಿ ಸೋಂಡ. ಚಪ್ಪಟೆ ಹುಳ ಟ್ರೈಬೋಲಿಯಂ, ಅಂದರೆ ಹಿಟ್ಟಿನ ಹುಳ. ಇದರಲ್ಲೂ ಇಬ್ಬರು ಅಣ್ಣತಮ್ಮಂದಿರು. ಮೀಸೆಯ ಕೊನೆಯ ಮೂರು ಗಂಟು ಮಾತ್ರ ಇದ್ದಕ್ಕಿದ್ದಂತೆ ದಪ್ಪಗಾಗಿದ್ದರೆ ಅದು ಕೆಂಪು ಹಿಟ್ಟಿನ ಹುಳ, ಟ್ರೈಬೋಲಿಯಂ ಕ್ಯಾಸ್ಟೇನಿಯಂ. ತುದಿಯ ಕಡೆಗೆ ನಿಧಾನವಾಗಿ ದಪ್ಪಗಾಗುತ್ತ ಹೋದರೆ ಟ್ರೈಬೋಲಿಯಂ ಕನ್‌ಫ್ಯೂಸಮ್. ಒಂದನ್ನು ಇನ್ನೊಂದೆಂದು ತಿಳಿದು ಜನ ಗೊಂದಲ ಮಾಡಿಕೊಳ್ಳುತ್ತಿದ್ದರಿಂದ ಅದಕ್ಕೆ ಆ ಹೆಸರೇ ಬಂತು. ನಮ್ಮ ಕಪಾಟಿನದು ಮೂರು ಗಂಟಿನದು. ಜೀರುಂಡೆಗಳಲ್ಲೇ ಮೊದಲು ಪೂರ್ತಿ ಜೀನೋಮ್ ಓದಿಸಿಕೊಂಡ ಹುಳ ಇದು, 2008ರಲ್ಲಿ.

ಒಂದು ಆರೋಪ ನಿಜ, ಒಂದು ಸುಳ್ಳು

ಹೆಸರು ತಿಳಿದ ಮೇಲೆ ಅವುಗಳ ಬದುಕೂ ತಿಳಿಯಿತು. ಸೊಂಡಿಲಿನ ಹೆಣ್ಣು ಗಟ್ಟಿ ಕಾಳಿಗೆ ತೂತು ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಂಥ ದ್ರವದಿಂದ ಬಾಯಿ ಮುಚ್ಚುತ್ತದೆ. ಮರಿ ಒಳಗೇ ತಿಂದು, ಒಳಗೇ ಕೋಶವಾಗಿ, ಬೆಚ್ಚಗಿದ್ದರೆ ಸುಮಾರು ಒಂದು ತಿಂಗಳಿಗೆ ದುಂಡನೆಯ ಕಂಡಿ ಕೊರೆದು ಹೊರಬರುತ್ತದೆ. ಹಾಗಾಗಿ ಮಾರ್ಚಿಯಲ್ಲಿ ಸ್ವಚ್ಛವಾಗಿ ಕಂಡ ಜೋಳದಲ್ಲೂ ಮೊಟ್ಟೆಗಳಿರಬಹುದು. ಹಿಟ್ಟಿನ ಹುಳಕ್ಕೆ ಗಟ್ಟಿ ಕಾಳು ಕೊರೆಯುವ ಶಕ್ತಿಯಿಲ್ಲ. ಅದಕ್ಕೆ ಹಿಟ್ಟು, ರವೆ, ನುಚ್ಚು ಬೇಕು.

ಆದರೂ ಒಂದು ಅನುಮಾನ ಉಳಿಯಿತು. ಮೂತಿಹುಳ ಕೊರೆದ ಪುಡಿಯನ್ನೇ ನಂಬಿ ಹಿಟ್ಟಿನ ಹುಳ ಹಿಂದೆಯೇ ಬರುವುದುಂಟು. ಆದ್ದರಿಂದ ಚೀಲದ ಅಷ್ಟೂ ಜೋಳ ಜರಡಿ ಹಿಡಿದೆ. ಬಿದ್ದದ್ದೆಲ್ಲ ಸೊಂಡಿಲಿನವೇ, ಚಪ್ಪಟೆಯದು ಒಂದೂ ಇಲ್ಲ. ಆಮೇಲೆ ಕಪಾಟಿನ ಹಿಂಬದಿ ತಡಕಾಡಿದಾಗ ದೀಪಾವಳಿಗೆ ತಂದು ಅರ್ಧ ಬಳಸಿದ್ದ ಮೈದಾ ಪೊಟ್ಟಣ ಸಿಕ್ಕಿತು. ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿದ್ದು ನಾನೇ. ಬಿಚ್ಚಿದರೆ ಕೆಟ್ಟ ವಾಸನೆ, ನಸುಗೆಂಪು ತಿರುಗಿದ ಹಿಟ್ಟು, ತುಂಬ ಚಪ್ಪಟೆ ಹುಳ. ಈ ಹುಳ ಬಿಡುವ ಕ್ವಿನೋನ್ ಎಂಬ ರಾಸಾಯನಿಕದಿಂದಲೇ ಆ ಬಣ್ಣ, ಆ ವಾಸನೆ.

ಟಿಫಿನ್ ಡಬ್ಬಿಯ ಮೇಲೆ ಓಡಾಡಿದ್ದು ನನ್ನ ಮೈದಾದ ಹುಳ. ಅವ್ವನ ಜೋಳದಲ್ಲಿ ಹುಳ ಇದ್ದದ್ದೂ ನಿಜ, ಆದರೆ ಅವು ಚೀಲ ಬಿಟ್ಟು ಬಂದಿರಲಿಲ್ಲ. ಎರಡೂ ಬಟ್ಟಲನ್ನು ಹೆಂಡತಿಗೆ ತೋರಿಸಿದೆ. ಲೆನ್ಸಿನಲ್ಲಿ ಬಹಳ ಹೊತ್ತು ನೋಡಿದಳು. 'ಅತ್ತೆಗೆ ನಾನೇ ಫೋನ್ ಮಾಡ್ತೀನಿ' ಅಂದಳು.

ಆ್ಯಪ್ ನಿಂತ ಜಾಗ

ಫೋಟೊ ನೋಡಿ ಹೆಸರು ಹೇಳುವ ಆ್ಯಪ್ ನನ್ನ ಮೂತಿಹುಳಕ್ಕೆ 'ಸಿಟೋಫೈಲಸ್' ಎಂದು ಹೇಳಿ ಅಲ್ಲಿಗೇ ನಿಂತಿತು. ಮುಂದೆ ಹೋಗದಿದ್ದದ್ದು ಅದರ ಪ್ರಾಮಾಣಿಕತೆ. 1763ರಲ್ಲಿ ಲಿನೇಯಸ್ ಅಕ್ಕಿಯ ಹುಳಕ್ಕೆ 'ಒರೈಝೆ' ಎಂದು ಹೆಸರಿಟ್ಟ. 1855ರಲ್ಲಿ ರಷ್ಯದ ಮೋಚುಲ್ಸ್ಕಿ ಮೆಕ್ಕೆಜೋಳದ ಹುಳಕ್ಕೆ 'ಝಿಯಮೈಸ್' ಎಂದ. ಎರಡೂ ಒಂದೇ ಹುಳದ ಸಣ್ಣ ತಳಿ, ದೊಡ್ಡ ತಳಿ ಎಂದು ಬಹುಕಾಲ ವಾದ ನಡೆಯಿತು. ಅವು ಬೇರೆಬೇರೆ ಪ್ರಭೇದಗಳೆಂದು 1961ರಲ್ಲಿ ಕುಶೆಲ್ ಎಂಬ ವಿಜ್ಞಾನಿ ಹೆಸರಿನ ಗೊಂದಲ ಬಿಡಿಸಿದ. ಖಚಿತವಾಗಿ ಹೇಳಬೇಕಾದರೆ ಇವತ್ತಿಗೂ ಗಂಡಿನ ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಒರೈಝೆಯದು ಮೇಲ್ಗಡೆ ನುಣುಪು, ಝಿಯಮೈಸ್‌ನದಕ್ಕೆ ಉದ್ದಕ್ಕೆ ಎರಡು ಗೆರೆಯಂಥ ತಗ್ಗು. ಎಷ್ಟು ಮೆಗಾಪಿಕ್ಸೆಲ್ ಕ್ಯಾಮೆರಾ ಇದ್ದರೂ ಬೆನ್ನಿನ ಫೋಟೊದಲ್ಲಿ ಇದು ಕಾಣುವುದಿಲ್ಲ. ಇಂಥ ಕೆಲಸ ಮಾಡುವವರು ನಮಗೆ ದೂರದಲ್ಲೇನೂ ಇಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಪಶ್ಚಿಮ ವಲಯ ಕೇಂದ್ರ ಇಲ್ಲೇ ಆಕುರ್ಡಿಯಲ್ಲಿದೆ, ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಬೆಂಗಳೂರಿನಲ್ಲಿದೆ. ನನಗೆ ಅಷ್ಟು ದೂರ ಹೋಗುವ ಅಗತ್ಯ ಬೀಳಲಿಲ್ಲ. ಒರೈಝೆ ಆಗಲಿ ಝಿಯಮೈಸ್ ಆಗಲಿ, ಜೋಳ ಉಳಿಸುವ ಉಪಾಯ ಒಂದೇ.

ಮೈದಾ ಎಸೆದು, ಕಪಾಟಿನ ಸಂದಿಗಳನ್ನೆಲ್ಲ ವ್ಯಾಕ್ಯೂಮ್ ಮಾಡಿ ಒರೆಸಿದೆವು. ಪುಣೆಯ ಜುಲೈನಲ್ಲಿ ಬಿಸಿಲೆಲ್ಲಿ? ಹಾಗಾಗಿ ಜೋಳವನ್ನು ನಾಲ್ಕು ನಾಲ್ಕು ಕಿಲೋ ಮಾಡಿ, ಸರದಿಯ ಮೇಲೆ ಒಂದೊಂದು ವಾರ ಫ್ರೀಜರಿನಲ್ಲಿಟ್ಟು, ಆಮೇಲೆ ಗಾಳಿಯಾಡದ ಡ್ರಮ್ಮಿಗೆ ತುಂಬಿದೆವು. ಕಾಳಿನ ಒಳಗಿದ್ದ ಮರಿಗಳೂ ಚಳಿಗೆ ಸತ್ತವು.

ಈ ಡ್ರಮ್ಮಿನ ಉಪಾಯ ಹೊಸದೇನಲ್ಲ. ನಮ್ಮ ಕಡೆ ಹಿಂದೆ ಹಗೇವಿನಲ್ಲಿ ಜೋಳ ಹಾಕಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಆಮ್ಲಜನಕ ಕಾಳು, ಹುಳಗಳ ಉಸಿರಾಟದಲ್ಲೇ ಕರಗಿ ಹುಳ ಸಾಯುತ್ತಿದ್ದವು. ಹಗೇವು ತೆಗೆದ ಕೂಡಲೇ ಇಳಿಯಬಾರದು, ಮೊದಲು ದೀಪ ಇಳಿಸಿ ನೋಡಬೇಕು ಎಂದು ಹಿರಿಯರು ಹೇಳುತ್ತಿದ್ದದ್ದು ಅದಕ್ಕೇ.

ಈ ವರ್ಷ ಜೋಳ ಬಂತು. ಚೆನ್ನಾಗಿ ಒಣಗಿಸಿ, ಬೇವಿನ ತಪ್ಪಲು ಹಾಕಿ ಕಳಿಸಿದ್ದಾಳೆ. ಚೀಲ ಮನೆ ಮುಟ್ಟಿದ ಮೇಲೆ ಅವ್ವ ಈಗ ನನಗಲ್ಲ, ಸೊಸೆಗೇ ಫೋನ್ ಮಾಡುತ್ತಾಳೆ. 'ಮನಿಯಾಗ ನುಸಿ ಏನರ ಕಂಡ್ರ ಮೊದಲ ಮಾರಿ ನೋಡವ್ವಾ' ಅಂತಾಳೆ. 'ಸೊಂಡಿಲ ಇದ್ರ ನಂದು, ಇಲ್ದಿದ್ರ ನಿನ್ನ ಗಂಡಂದು.'