ಮಕ್ಕಳ ಸಂತೆ

ಮುಂಬಯಿಯ ಚಾಳುಗಳಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಬದನೆಕಾಯಿ ಎಂದರೆ ‘ವಾಂಗಿ’, ಸೌತೆಕಾಯಿ ಎಂದರೆ ‘ಕಾಕಡಿ’. ಇದರಲ್ಲಿ ಅವರ ತಪ್ಪೇನೂ ಇಲ್ಲ. ಪೇಟೆಯ ಮಾತು ಮರಾಠಿ, ಶಾಲೆಯದು ಮರಾಠಿ ಇಲ್ಲವೆ ಇಂಗ್ಲಿಷು. ಕನ್ನಡಕ್ಕೆ ಉಳಿದದ್ದು ಅಡಿಗೆಮನೆಯೊಂದೇ. ತಂದೆ ಪಾಳಿ ಮುಗಿಸಿ ಬರುವಷ್ಟರಲ್ಲಿ ಮಗು ಮಲಗಿರುತ್ತದೆ. ರಜೆಯಲ್ಲಿ ಊರಿಗೆ ಹೋದರೆ ಅಜ್ಜಿಯ ಮಾತು ಮೊಮ್ಮಗನಿಗೆ ತಿಳಿಯದು. ಪಾಠ ಹೇಳಹೊರಟರೆ ಮಕ್ಕಳು ಓಡಿಹೋಗುತ್ತವೆ. ಆಟಕ್ಕೆ ಕರೆದರೆ ತಾವಾಗಿಯೇ ಬರುತ್ತವೆ.

ಅಂಗಡಿಯಾಟ ನಮಗೆ ಹೊಸತಲ್ಲ. ದಸರೆಯ ಗೊಂಬೆಗಳ ಸಾಲಿನಲ್ಲಿ ಅಂಗಡಿ ಹೂಡಿ ಕುಳಿತ ಶೆಟ್ಟಿ ದಂಪತಿಗಳನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ತೆರೆದರು. ತಾರಾಬಾಯಿ ಮೋಡಕರು 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿ ಹಳ್ಳಿಯ ಮಕ್ಕಳ ನಡುವೆ ಕೆಲಸ ತೊಡಗಿದರು. ಕಲ್ಲು, ಎಲೆ, ಬೀಜ, ಚಿಪ್ಪುಗಳಿಂದಲೇ ಶಿಶುಶಿಕ್ಷಣ ನಡೆಯಬಲ್ಲದೆಂದು ಅಲ್ಲಿ ತೋರಿಸಿಕೊಟ್ಟರು. ಆದ್ದರಿಂದ ದುಡ್ಡಿನ ಚಿಂತೆ ಬೇಡ.

ಸ್ಥಳ: ಚಾಳಿನ ಅಂಗಳ ಸಾಕು, ವಾಹನ ಹಾಯಬಾರದು, ನೆರಳಿರಬೇಕು. ನಾಲ್ಕು ಗೋಣಿತಾಟು ಹಾಸಿದರೆ ನಾಲ್ಕು ಅಂಗಡಿಗಳಾದವು: ಕಾಯಿಪಲ್ಲೆ, ಕಾಳುಕಡಿ, ಹೂವು, ಮಡಕೆಕುಡಿಕೆ. ಪ್ರತಿ ಅಂಗಡಿಗೂ ಚಿತ್ರವಿರುವ ಕನ್ನಡ ಫಲಕವಿರಲಿ. ಮೂರರಿಂದ ಏಳು ವರ್ಷದ ಹತ್ತು ಹನ್ನೆರಡು ಮಕ್ಕಳಿದ್ದರೆ ಆಟ ರಂಗೇರುತ್ತದೆ.

ಸರಕು: ಹಿಂದಿನ ಭಾನುವಾರವೇ ಮಕ್ಕಳ ಕೈಯಿಂದ ಜೇಡಿಮಣ್ಣಿನ ಕಾಯಿಗಳನ್ನು ಮಾಡಿಸಿ ನೆರಳಲ್ಲಿ ಒಣಗಿಸಿಡಿ. ಮರಳೇ ಅಕ್ಕಿ, ಉದುರಿದ ಎಲೆಯೇ ಸೊಪ್ಪು. ಸಣ್ಣ ಮಕ್ಕಳು ಸಿಕ್ಕಿದ್ದನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುವುದರಿಂದ ಹುಣಸೆಬೀಜ, ಗುಂಡಿಗಳನ್ನು ಇಡಬಾರದು.

ತಕ್ಕಡಿ: ನೇರವಾದ ಕೋಲಿನ ಎರಡು ತುದಿಗೆ ಒಂದೇ ಅಳತೆಯ ಎರಡು ಕರಟಗಳನ್ನು ಕಟ್ಟಿ, ನಡುವೆ ದಾರ ಕಟ್ಟಿ ತೂಗುಬಿಡಿ. ಬರಿದಾಗಿರುವಾಗ ಒಂದು ಕಡೆ ತಗ್ಗಿದರೆ ನಡುವಿನ ದಾರವನ್ನು ಆ ಕಡೆಗೆ ಸ್ವಲ್ಪ ಸರಿಸಿ. ತೂಕಕ್ಕೆ ದೊಡ್ಡ ಕಲ್ಲುಗಳಿರಲಿ.

ನಾಣ್ಯ: ರಟ್ಟನ್ನು ದುಂಡಗೆ ಕತ್ತರಿಸಿ ಅಂಕಿ ಬರೆಯಿರಿ. ಪ್ರತಿ ಮಗುವಿಗೂ ಒಂದು ರೂಪಾಯಿಯವು ಮೂರು, ಎರಡರದು ಒಂದು, ಐದರದು ಒಂದು, ಒಟ್ಟು ಹತ್ತು ರೂಪಾಯಿ ಕೊಡಿ. ಇಷ್ಟಿದ್ದರೆ 1ರಿಂದ 10ರ ವರೆಗಿನ ಯಾವ ಬೆಲೆಯನ್ನೂ ಮೊದಲ ವ್ಯಾಪಾರದಲ್ಲಿ ಚಿಲ್ಲರೆ ಕೇಳದೆ ಕೊಡಬಹುದು. ಚಿಲ್ಲರೆಯ ಲೆಕ್ಕ ದೊಡ್ಡ ಮಕ್ಕಳಿಗಿರಲಿ.

ಇನ್ನು ಹಿರಿಯರ ಪಾತ್ರ. ನಾವು ಮೇಷ್ಟರಾಗಕೂಡದು, ಗಿರಾಕಿಗಳಾಗಬೇಕು. “ಏನವ್ವಾ, ಬದನೆಕಾಯಿ ಹ್ಯಾಂಗ ಕೊಟ್ಟಿ? ಕೊಸರು ಹಾಕು” ಎಂದು ಚೌಕಾಶಿ ಮಾಡಬೇಕು. ಮಗು ‘ವಾಂಗಿ’ ಎಂದರೆ ಗದರಿಸಬೇಡಿ. “ಹೌದು, ಆ ಬದನೆಕಾಯಿನೇ ಕೊಡು” ಎಂದರಾಯಿತು. ಅರ್ಧ ಗಂಟೆಯಾದ ಮೇಲೆ ಮಾರುವವರು ಕೊಳ್ಳುವವರಾಗಲಿ. ಹಿಂಜರಿಯುವ ಮಗುವೂ ಆಗ ಬಾಯಿ ಬಿಡುತ್ತದೆ. ನೆರೆಯ ಮರಾಠಿ ಮಕ್ಕಳು ಬಂದರೆ ಸೇರಿಸಿಕೊಳ್ಳಿ. ನಾಲ್ಕು ಮಾತು ಅವರೂ ಕಲಿಯುತ್ತಾರೆ.

ಕೊನೆಗೆ ಸರಕನ್ನೆಲ್ಲ ಎಣಿಸಿ ಚೀಲಕ್ಕೆ ತುಂಬುವ ಕೆಲಸ ಮಕ್ಕಳದೇ. ಮರುವಾರ ನಿಜವಾದ ಪೇಟೆಗೆ ಹೋಗುವಾಗ ಮಗುವನ್ನು ಜೊತೆಗೆ ಕರೆದುಕೊಂಡು ಹೋಗಿ, ಚೀಲಕ್ಕೆ ಬೀಳುವ ಒಂದೊಂದು ಕಾಯಿಯ ಹೆಸರನ್ನೂ ಕನ್ನಡದಲ್ಲಿ ಕೇಳಿರಿ. ಅದಕ್ಕೆ ಬೇಕಾದ ಬಿಡುವು ಎಂಥ ಪಾಳಿಯವರಿಗೂ ವಾರಕ್ಕೊಮ್ಮೆಯಾದರೂ ಸಿಕ್ಕೀತು.